ಒಂದೇ ಮಗು, ಮೂರು ರಿಪೋರ್ಟು

ಪ್ರಶ್ನೆ: ನಾವು ಸಿಂಧನೂರಿನವರು. ನಾನು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಮಗ 29 ವಾರಕ್ಕೇ ಹುಟ್ಟಿದ, 1,150 ಗ್ರಾಂ ಇದ್ದ. 46 ದಿನ ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇಟ್ಟಿದ್ದರು. ಈಗ 20 ತಿಂಗಳು. ಹತ್ತನೇ ತಿಂಗಳಿಗೆ ತಾನೇ ಕೂತ. ಈಗ ಗೋಡೆ ಹಿಡಿದು ತುದಿಗಾಲಲ್ಲಿ ಓಡಾಡುತ್ತಾನೆ, ಕೈಬಿಟ್ಟು ನಡೆಯುವುದಿಲ್ಲ. ಐದಾರು ಮಾತು ಬರುತ್ತವೆ. ಮೂರು ಕಡೆ ತೋರಿಸಿದೆವು. ಮೊದಲನೆಯವರು ಗೋಡೆಯ ಮೇಲಿದ್ದ ಚಾರ್ಟ್ ನೋಡಿ ‘ಏನೂ ತೊಂದರೆ ಇಲ್ಲ’ ಅಂದರು. ಎರಡನೇ ಕಡೆ ಡಿಕ್ಯೂ (ಬೆಳವಣಿಗೆಯ ಅಂಕ) 70, ಗ್ಲೋಬಲ್ ಡೆವಲಪ್‌ಮೆಂಟಲ್ ಡಿಲೇ ಎಂದು ಬರೆದುಕೊಟ್ಟರು. ಎರಡು ವಾರ ಬಿಟ್ಟು ಮೂರನೇ ಕಡೆ ಹೋದರೆ ಡಿಕ್ಯೂ 80, ಸ್ವಲ್ಪ ನಿಧಾನ, ಆರು ತಿಂಗಳು ಬಿಟ್ಟು ಬನ್ನಿ ಅಂದರು. ಎರಡೂ ರಿಪೋರ್ಟಿನ ಫೋಟೋ ಕಳಿಸಿದ್ದೇನೆ. ಯಾರನ್ನು ನಂಬಬೇಕು? ನಮ್ಮ ಮಗ ಬುದ್ಧಿಮಾಂದ್ಯನಾ?

ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಇಲ್ಲದಿದ್ದರೆ ಉಳಿದದ್ದು ನಿಮ್ಮ ತಲೆಗೆ ಹೋಗುವುದಿಲ್ಲ. ಈ ರಿಪೋರ್ಟುಗಳನ್ನು ಇಟ್ಟುಕೊಂಡು ನಿಮ್ಮ ಮಗನನ್ನು ಬುದ್ಧಿಮಾಂದ್ಯ ಅನ್ನುವ ಹಾಗಿಲ್ಲ. ಆ ಮಾತನ್ನು 20 ತಿಂಗಳ ಯಾವ ಮಗುವಿಗೂ ಹೇಳಬಾರದು. ಬುದ್ಧಿಯ ಅಳತೆ ಒಂದು ಹದಕ್ಕೆ ಬರುವುದು ಐದು ವರ್ಷದ ಆಸುಪಾಸಿಗೆ. ಅದಕ್ಕೂ ಮೊದಲು ನಾವು ಅಳೆಯುವುದು ಬೆಳವಣಿಗೆಯನ್ನು ಮಾತ್ರ.

ಇನ್ನು 70 ಮತ್ತು 80ರ ಜಗಳ. ನೀವು ಲೆಕ್ಕ ಬರೆಯುವವರು, ಒಂದು ಕಾಗದ ತಗೊಳ್ಳಿ.

ಎರಡೂ ಕಡೆ ಬಳಸಿರುವುದು ಡಿಎಎಸ್‌ಐಐ ಎಂಬ ಪರೀಕ್ಷೆ. ಬರೋಡಾದಲ್ಲಿ ಪ್ರಮೀಳಾ ಫಾಟಕ್ ಅವರು ನಮ್ಮ ದೇಶದ ಮಕ್ಕಳಿಗೆಂದೇ ರೂಪಿಸಿದ್ದು. ಮೈಕೈ ಚಲನೆಗೆ 67 ಅಂಶ, ತಿಳಿವಳಿಕೆ ಮತ್ತು ಮಾತಿಗೆ 163 ಅಂಶ. ಎರಡೂವರೆ ವರ್ಷದ ತನಕ ನಡೆಯುತ್ತದೆ. ಮಗು ಎಷ್ಟು ಅಂಶ ಮಾಡಿತು ಎಂದು ನೋಡಿ, ಇದು ಎಷ್ಟು ತಿಂಗಳ ಮಗು ಮಾಡುವ ಕೆಲಸ ಎಂದು ಲೆಕ್ಕ ಹಾಕುತ್ತಾರೆ. ಅದು ಬೆಳವಣಿಗೆಯ ವಯಸ್ಸು. ಅದನ್ನು ಮಗುವಿನ ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಡಿಕ್ಯೂ.

ಎರಡೂ ರಿಪೋರ್ಟಿನಲ್ಲಿ ನಿಮ್ಮ ಮಗನ ಬೆಳವಣಿಗೆಯ ವಯಸ್ಸು ಒಂದೇ ಬಂದಿದೆ. ಇದು ಅಪರೂಪ, ಆದರೆ ನಮ್ಮ ಲೆಕ್ಕಕ್ಕೆ ಅನುಕೂಲವಾಯಿತು. ಚಲನೆಯಲ್ಲಿ 12.5 ತಿಂಗಳು, ತಿಳಿವಳಿಕೆಯಲ್ಲಿ 15.5 ತಿಂಗಳು, ಸರಾಸರಿ 14. ಎರಡನೇ ಕಡೆಯವರು 14ನ್ನು 20ರಿಂದ ಭಾಗಿಸಿದರು. 70 ಬಂತು. ಮೂರನೇ ಕಡೆಯವರು 17.5ರಿಂದ ಭಾಗಿಸಿದರು. 80 ಬಂತು. ಅಷ್ಟೇ. ಮಗು ಅದೇ, ಆಟದ ಸಾಮಾನು ಅದೇ, ಉತ್ತರ ಅದೇ. ಬದಲಾಗಿದ್ದು ಕೆಳಗಿನ ಅಂಕಿ.

17.5 ಎಲ್ಲಿಂದ ಬಂತು ಅಂತೀರಾ? ತುಂಬು ಬಸಿರು 40 ವಾರ. ನಿಮ್ಮ ಮಗ 29ಕ್ಕೆ ಹುಟ್ಟಿದ. 11 ವಾರ ಮುಂಚೆ, ಅಂದರೆ ಹೆಚ್ಚುಕಡಿಮೆ ಎರಡೂವರೆ ತಿಂಗಳು. ಈ 11 ವಾರ ಅವನು ಹೊಟ್ಟೆಯಲ್ಲಿ ಇರಬೇಕಿತ್ತು. ಆಗ ಆಗಬೇಕಿದ್ದ ಮಿದುಳಿನ ಬೆಳವಣಿಗೆ ಹೊರಗೆ, ಎನ್‌ಐಸಿಯು ಲೈಟಿನ ಕೆಳಗೆ ಆಗಿದೆ. ಹಾಗಾಗಿ ಡ್ಯೂ ಡೇಟ್‌ನಿಂದ ವಯಸ್ಸು ಎಣಿಸುತ್ತೇವೆ. ಇದಕ್ಕೆ ತಿದ್ದಿದ ವಯಸ್ಸು ಅಥವಾ ಕರೆಕ್ಟೆಡ್ ಏಜ್ ಅನ್ನುತ್ತಾರೆ. ಕಡೇಪಕ್ಷ ಎರಡು ವರ್ಷದ ತನಕ ಹೀಗೆ ಎಣಿಸುವುದು ರೂಢಿ. ಲಸಿಕೆಗೆ ಮಾತ್ರ ತಿದ್ದಬಾರದು, ಅದು ಹುಟ್ಟಿದ ದಿನದ ಲೆಕ್ಕದಲ್ಲೇ ನಡೆಯಬೇಕು. ಇದನ್ನು ಅದಲುಬದಲು ಮಾಡಿದ ತಾಯಂದಿರನ್ನು ಜಾಸ್ತಿ ನೋಡಿದ್ದೇನೆ, ಅದಕ್ಕೆ ಹೇಳಿದೆ.

ಆರು ತಿಂಗಳ ಮಗುವಿಗೆ ಈ ಎರಡೂವರೆ ತಿಂಗಳು ಅಂದರೆ ಬದುಕಿನ ಅರ್ಧಕ್ಕೆ ಹತ್ತಿರ. ಐದು ವರ್ಷದ ಮಗುವಿಗೆ 60 ತಿಂಗಳಲ್ಲಿ ಎರಡೂವರೆ, ಗಣನೆಗೆ ಬರುವಷ್ಟಿಲ್ಲ. ಮಗು ಚಿಕ್ಕದಿದ್ದಷ್ಟೂ ತಿದ್ದದೇ ಇದ್ದರೆ ತಪ್ಪು ದೊಡ್ಡದು. ನಾನೂ ಈ ತಪ್ಪು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಸೋಮವಾರದ ಜಂಗುಳಿಯಲ್ಲಿ, ಎಂಟು ತಿಂಗಳ ಹೆಣ್ಣು ಮಗುವಿನ ಚೀಟಿಯಲ್ಲಿ ‘ಕುತ್ತಿಗೆ, ಕೂರುವುದು ತಡ’ ಎಂದು ಬರೆದು ಕಳಿಸಿದೆ. ಮಗು 28 ವಾರಕ್ಕೆ ಹುಟ್ಟಿದ್ದು ಎಂದು ಕೇಳಿರಲೇ ಇಲ್ಲ. ಅಜ್ಜಿ ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಮುಂದೆ ಮಗು ಸರಿಯಾಗಿಯೇ ಕೂತಿತು, ನಡೆಯಿತು. ಆ ಹೆಸರು ಹೋಗಲಿಕ್ಕೆ ಮಾತ್ರ ಮೂರು ವರ್ಷ ಬೇಕಾಯಿತು.

ಈಗ 70 ಅನ್ನೋ ಗೆರೆಯ ಮಾತು. ನಿಮ್ಮ ಮಿಲ್ಲಿಗೆ ಭತ್ತ ಬಂದಾಗ ತೇವ ನೋಡುತ್ತೀರಲ್ವಾ? ಸರ್ಕಾರಿ ಖರೀದಿಗೆ 17ರ ಮಿತಿ. ಮೀಟರಿನಲ್ಲಿ 17 ಬಂದರೆ ಚೀಲ ಒಳಗೆ, 17.5 ಬಂದರೆ ವಾಪಸ್. ಎರಡು ಚೀಲದ ಭತ್ತವನ್ನು ಕೈಯಲ್ಲಿ ಹಿಡಿದರೆ ನಿಮಗೇ ವ್ಯತ್ಯಾಸ ಗೊತ್ತಾಗಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಇಲ್ಲದಿದ್ದರೆ ವ್ಯವಹಾರ ನಡೆಯಲ್ಲ. ಡಿಕ್ಯೂ 70 ಕೂಡ ಅಂಥದ್ದೇ. ಇಂಥ ಪರೀಕ್ಷೆಗಳಲ್ಲಿ ಹೆಸರುವಾಸಿಯಾದ ಬೇಲಿ (Bayley) ಎಂಬ ಹೆಸರಿನ ಮಾಪಕದಲ್ಲಿ ಸರಾಸರಿ 100 ಬರುವಂತೆ ಅಂಕ ಹೊಂದಿಸುತ್ತಾರೆ. ಸರಾಸರಿಯಿಂದ ಮಕ್ಕಳು ಎಷ್ಟು ಚದುರಿರುತ್ತಾರೆ ಎಂಬುದಕ್ಕೆ 15ರ ಒಂದೊಂದು ಮೆಟ್ಟಿಲು. ಒಂದು ಮೆಟ್ಟಿಲು ಇಳಿದರೆ 85, ಎರಡು ಇಳಿದರೆ 70. ತಿಂಗಳು ತುಂಬಿ ಹುಟ್ಟಿದ, ಏನೂ ತೊಂದರೆ ಇಲ್ಲದ ನೂರು ಮಕ್ಕಳನ್ನು ಕೂರಿಸಿದರೂ ಸುಮಾರು 16 ಮಕ್ಕಳು 85ಕ್ಕಿಂತ ಕೆಳಗೆ ಬರುತ್ತಾರೆ, ಎರಡು ಮೂರು ಮಕ್ಕಳು 70ಕ್ಕಿಂತ ಕೆಳಗೆ. ಯಾರೋ ಇರಲೇಬೇಕು, ಲೆಕ್ಕವೇ ಹಾಗಿದೆ. ಗೆರೆಯನ್ನು 85ಕ್ಕೆ ಎಳೆದರೆ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ‘ದೋಷ’ ಇರುವವರು ಒಮ್ಮೆಲೇ ಹೆಚ್ಚುತ್ತಾರೆ. 70ಕ್ಕೆ ಇಳಿಸಿದರೆ ಒಮ್ಮೆಲೇ ಕಡಿಮೆಯಾಗುತ್ತಾರೆ. ಪತ್ರಿಕೆಯಲ್ಲಿ ‘ಇಂತಿಷ್ಟು ಶೇಕಡಾ ಮಕ್ಕಳಿಗೆ ಸಮಸ್ಯೆ’ ಎಂದು ಓದಿದರೆ ಮೊದಲು ಗೆರೆ ಎಲ್ಲಿತ್ತು ಎಂದು ಕೇಳಿ.

ಮೀಟರ್ ಬದಲಾದರೂ ಅಂಕಿ ಬದಲಾಗುತ್ತದೆ. ಬೇಲಿ ಮಾಪಕ ಮೊದಲು ಬಂದಿದ್ದು 1969ರಲ್ಲಿ, ಅಮೆರಿಕದಲ್ಲಿ. ಎರಡನೇ ಆವೃತ್ತಿ 1993ಕ್ಕೆ, ಮೂರನೆಯದು ಅದಾದ ಹನ್ನೆರಡು ಹದಿಮೂರು ವರ್ಷಕ್ಕೆ, ನಾಲ್ಕನೆಯದು 2019ಕ್ಕೆ. ಮೂರನೇ ಆವೃತ್ತಿ ಬಂದಾಗ ಒಂದು ವಿಚಿತ್ರ ನಡೆಯಿತು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಅಂಕ ಹಳೆಯದಕ್ಕಿಂತ ಮೇಲೆ ಬರತೊಡಗಿತು. ಮಕ್ಕಳು ರಾತ್ರೋರಾತ್ರಿ ಜಾಣರಾದರಾ? ಇಲ್ಲ, ಅಳತೆಗೋಲು ಸಡಿಲವಾಗಿತ್ತು. ಆಸ್ಟ್ರೇಲಿಯಾದ ತಜ್ಞರು ಇದನ್ನು ಎತ್ತಿ ತೋರಿಸಿದರು, ನಿಜವಾಗಿ ಸಹಾಯ ಬೇಕಾದ ಮಕ್ಕಳು ತಪ್ಪಿಹೋಗುತ್ತಿದ್ದಾರೆ ಅಂದರು.

ಹೋಲಿಸುವುದು ಯಾರ ಜೊತೆ ಅನ್ನುವುದು ಇನ್ನೂ ಮುಖ್ಯ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 1995ರಲ್ಲಿ 25 ವಾರ ಅಥವಾ ಅದಕ್ಕೂ ಮುಂಚೆ ಹುಟ್ಟಿದ ಮಕ್ಕಳನ್ನು ಎಪಿಕ್ಯೂರ್ ಎಂಬ ಅಧ್ಯಯನದವರು ವರ್ಷಗಟ್ಟಲೆ ಹಿಂಬಾಲಿಸಿದರು. ಆರು ವರ್ಷಕ್ಕೆ ಬುದ್ಧಿ ಪರೀಕ್ಷೆ ಮಾಡಿದರು. ಪರೀಕ್ಷೆಯ ಪುಸ್ತಕದಲ್ಲಿದ್ದ ಮಾನದಂಡದ ಪ್ರಕಾರ ಶೇ 21ರಷ್ಟು ಮಕ್ಕಳಿಗೆ ಮಧ್ಯಮ ಅಥವಾ ತೀವ್ರ ಕೊರತೆ. ಅದೇ ಮಕ್ಕಳ ಅಂಕವನ್ನು ಅವರದೇ ತರಗತಿಯ ಪಕ್ಕದ ಬೆಂಚಿನ ಮಕ್ಕಳ ಜೊತೆ ಹೋಲಿಸಿದಾಗ ಶೇ 41. ಎರಡರಷ್ಟು! ಒಂದೇ ದಿನ, ಒಂದೇ ಉತ್ತರ ಪತ್ರಿಕೆ. ನನ್ನ ಬಳಿ ತರಬೇತಿಗೆ ಬರುವವರಿಗೆಲ್ಲ ಇದನ್ನು ಹೇಳುತ್ತೇನೆ. ನಮ್ಮ ಡಿಎಎಸ್‌ಐಐ ಮಾನದಂಡ ಬರೋಡಾ ಮಕ್ಕಳದ್ದು, ಅದೂ ಹಳೆಯದು. ಹಾಗಂತ ಬಿಸಾಡುವ ಹಾಗಿಲ್ಲ, ಅಮೆರಿಕದ ಮಕ್ಕಳ ಜೊತೆ ಹೋಲಿಸುವುದಕ್ಕಿಂತ ವಾಸಿ. ಅಂಕಿ ನೋಡುವಾಗ ಇದು ನೆನಪಲ್ಲಿ ಇರಲಿ ಅಷ್ಟೇ.

ಮೊದಲ ಡಾಕ್ಟರ ‘ಏನೂ ತೊಂದರೆ ಇಲ್ಲ’ ಬಗ್ಗೆ. ಅವರ ಗೋಡೆಯ ಮೇಲಿದ್ದದ್ದು ತಿರುವನಂತಪುರದ ಚಾರ್ಟ್ ಇರಬೇಕು. ನಮ್ಮ ಕಡೆ ಸಾಮಾನ್ಯವಾಗಿ ಇರುವುದು ಅದೇ. 17 ಅಂಶ, ಅಡ್ಡಡ್ಡ ಪಟ್ಟಿಗಳು. ಮಗುವಿನ ವಯಸ್ಸಿಗೆ ಒಂದು ಉದ್ದ ಗೆರೆ ಎಳೆದು, ಗೆರೆಯ ಎಡಕ್ಕೆ ಮುಗಿದುಹೋದ ಪಟ್ಟಿಗಳ ಕೆಲಸ ಮಗುವಿಗೆ ಬರುತ್ತಾ ಅಂತ ನೋಡುವುದು. ಐದು ನಿಮಿಷದ ಕೆಲಸ. ಅದು ಜರಡಿ, ತಕ್ಕಡಿ ಅಲ್ಲ. ದೊಡ್ಡ ಕಲ್ಲು ಹಿಡಿಯುತ್ತದೆ, ಸಣ್ಣ ನುಚ್ಚು ಕೆಳಗೆ ಬೀಳುತ್ತದೆ. ಅಂಗನವಾಡಿಯಲ್ಲಿ ನೂರು ಮಕ್ಕಳನ್ನು ನೋಡಬೇಕಾದಾಗ ಅದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಆದರೆ 29 ವಾರಕ್ಕೆ ಹುಟ್ಟಿದ ಮಗು ಜರಡಿಯಿಂದ ಪಾರಾಯಿತು ಎಂದ ಮಾತ್ರಕ್ಕೆ ಮನೆಗೆ ಕಳಿಸಬಾರದು. ಇಂಥ ಮಗುವಿಗೆ ತಕ್ಕಡಿಯೇ ಬೇಕು.

ಇಷ್ಟೆಲ್ಲ ಆದಮೇಲೆ 80 ಸರಿ, ನಿಶ್ಚಿಂತೆ ಅಂದುಕೊಂಡಿರಾ? ಅಲ್ಲೇ ನನಗೆ ಚಿಂತೆ. ಮೂರೂ ಕಡೆಯವರು ಅಂಕಿಯ ಹಿಂದೆ ಬಿದ್ದು ನೀವು ಬರೆದ ಒಂದು ಸಾಲನ್ನು ಬಿಟ್ಟುಬಿಟ್ಟಿದ್ದಾರೆ. ‘ತುದಿಗಾಲಲ್ಲಿ ಓಡಾಡುತ್ತಾನೆ.’

80 ಎಂಬುದು ಸರಾಸರಿ. ಅದನ್ನು ಬಿಡಿಸಿ ನೋಡಿ. ತಿಳಿವಳಿಕೆ 15.5ನ್ನು 17.5ರಿಂದ ಭಾಗಿಸಿದರೆ 89. ಚಲನೆ 12.5ನ್ನು 17.5ರಿಂದ ಭಾಗಿಸಿದರೆ 71. ತಲೆ ಚೆನ್ನಾಗಿಯೇ ಓಡುತ್ತಿದೆ, ಕಾಲು ಹಿಂದೆ ಬಿದ್ದಿದೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಅಲ್ಲಾಡಿಸಿದರೆ ‘ಸ್ವಲ್ಪ ನಿಧಾನ’ ಬರುತ್ತದೆ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಇನ್ನು ಎರಡನೇ ಕಡೆಯವರು ಬರೆದ ‘ಗ್ಲೋಬಲ್’ ಪದ, ಅಂದರೆ ಒಟ್ಟಾರೆ ಬೆಳವಣಿಗೆಯೇ ಹಿಂದೆ ಅನ್ನುವುದು. ಕನಿಷ್ಠ ಎರಡು ವಿಭಾಗದಲ್ಲಿ ಗಣನೀಯ ಹಿಂದುಳಿಕೆ ಇದ್ದರೆ ಮಾತ್ರ ಅದನ್ನು ಬಳಸಬೇಕು. ಅವರು ತಿದ್ದದೇ ಹಾಕಿದ ಲೆಕ್ಕದಲ್ಲೇ ತಿಳಿವಳಿಕೆ 77 ಚಿಲ್ಲರೆ ಬರುತ್ತದೆ. ಅವರದೇ ಕಾಗದದಲ್ಲಿ ಅವರ ಪದ ನಿಲ್ಲುವುದಿಲ್ಲ.

ಕಾಲಿಗೇ ಯಾಕೆ ಪೆಟ್ಟು ಅಂದರೆ, ಅದಕ್ಕೊಂದು ಕಾರಣ ಇದೆ. ಮಿದುಳಿನ ನಡುವೆ ನೀರು ತುಂಬಿದ ಕೋಣೆಗಳಿವೆ. 32 ವಾರಕ್ಕೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಆ ಕೋಣೆಗಳ ಸುತ್ತಲಿನ ಭಾಗ ಬಲು ನಾಜೂಕು. ರಕ್ತ ಸ್ವಲ್ಪ ಕಡಿಮೆಯಾದರೆ, ಸೋಂಕು ತಗುಲಿದರೆ ಮೊದಲು ಪೆಟ್ಟು ಬೀಳುವುದು ಅಲ್ಲಿಗೆ. ಮಿದುಳಿನಿಂದ ಕಾಲಿಗೆ ಹೋಗುವ ತಂತುಗಳು ಆ ಕೋಣೆಗೆ ಅಂಟಿಕೊಂಡೇ ಹಾದುಹೋಗುತ್ತವೆ. ಕೈಯದು ಸ್ವಲ್ಪ ಆಚೆ, ಮುಖದ್ದು ಇನ್ನೂ ಆಚೆ. ಕಾಲುವೆಯ ದಡದ ಗದ್ದೆಗೇ ಮೊದಲು ನೀರು ನುಗ್ಗುವ ಹಾಗೆ. ಅದಕ್ಕೇ ಇಂಥ ಮಕ್ಕಳಲ್ಲಿ ಕಾಲಿನ ಬಿಗಿತ ಜಾಸ್ತಿ, ಕೈ ಪರವಾಗಿಲ್ಲ, ಮಾತು ಪರವಾಗಿಲ್ಲ. ಇದು ಸೆರೆಬ್ರಲ್ ಪಾಲ್ಸಿಯ ಒಂದು ರೂಪ, ಡೈಪ್ಲೀಜಿಯಾ ಅನ್ನುತ್ತಾರೆ.

ನಿಮ್ಮ ಮಗನಿಗೆ ಅದೇ ಇದೆ ಎಂದು ನಾನು ಹೇಳುತ್ತಿಲ್ಲ. ಹಿಮ್ಮಡಿ ಮುಟ್ಟಿ ನೋಡದೆ ಯಾರೂ ಹೇಳುವ ಹಾಗಿಲ್ಲ. ನಡೆಯಲು ಕಲಿಯುವಾಗ ಸ್ವಲ್ಪ ದಿನ ತುದಿಗಾಲು ಹಾಕುವ ಮಕ್ಕಳು ಬೇಕಾದಷ್ಟಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ, ತಾನೇ ನಡೆಯುವುದಕ್ಕೆ 8.2ರಿಂದ 17.6 ತಿಂಗಳ ಅವಕಾಶ ಇದೆ. ಆಧಾರ ಇಲ್ಲದೆ ಕೂರುವುದಕ್ಕೆ 9.2 ತಿಂಗಳ ತನಕ. ನಿಮ್ಮವನು ಹತ್ತಕ್ಕೆ ಕೂತ, ತಿದ್ದಿದರೆ ಏಳೂವರೆ, ಅದು ಸರಿಯಾಗಿದೆ. ನಡೆಯುವುದರಲ್ಲಿ ಮಾತ್ರ ಕಿಟಕಿ ಮುಚ್ಚುವ ಅಂಚಿನಲ್ಲಿ ನಿಂತಿದ್ದಾನೆ. ಜೊತೆಗೆ ತುದಿಗಾಲು. ಎರಡೂ ಸೇರಿದರೆ ಆರು ತಿಂಗಳು ಬಿಟ್ಟು ಬನ್ನಿ ಅನ್ನುವ ಮಾತಲ್ಲ. ಈ ತಿಂಗಳೇ ನೋಡಬೇಕು.

ನೋಡುವುದು ಅಂದರೆ ಏನು? ಮಗುವನ್ನು ಮಲಗಿಸಿ ಪಾದವನ್ನು ಮೆಲ್ಲಗೆ ಮೊಣಕಾಲ ಕಡೆಗೆ ಮಡಚುತ್ತಾರೆ. ಸಲೀಸಾಗಿ ಬರುತ್ತಾ, ಎಲ್ಲೋ ಒಂದು ಕಡೆ ಗಕ್ಕನೆ ನಿಲ್ಲುತ್ತಾ? ತೊಡೆ ಎರಡನ್ನೂ ಅಗಲಿಸಿದರೆ ಎಷ್ಟು ತೆರೆಯುತ್ತವೆ? ಎತ್ತಿ ನಿಲ್ಲಿಸಿದರೆ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಹೋಗುತ್ತವಾ? ಹ್ಯಾಮರ್‌ಸ್ಮಿತ್ ಪರೀಕ್ಷೆ ಅಂತ ಇದೆ, 26 ಅಂಶ, ಒಟ್ಟು 78 ಅಂಕ, ಎರಡು ವರ್ಷದ ತನಕ ಮಾಡಬಹುದು. ಕಿಟ್ ಬೇಡ, ಕೈ ಸಾಕು, ಹತ್ತು ಹದಿನೈದು ನಿಮಿಷ ಸಾಕು. ಇಷ್ಟು ಅಗ್ಗದ ಪರೀಕ್ಷೆ ಯಾಕೆ ಎಲ್ಲ ಕಡೆ ಮಾಡಲ್ಲ ಅನ್ನೋದು ನನಗೆ ಇವತ್ತಿಗೂ ಅರ್ಥವಾಗದ ವಿಷಯ. ಮೂರು ನಾಲ್ಕು ತಿಂಗಳ ಮಗುವಾಗಿದ್ದರೆ ಇನ್ನೂ ಸುಲಭ ಇತ್ತು. ಆ ವಯಸ್ಸಿನಲ್ಲಿ ಅಂಗಾತ ಮಲಗಿದ ಮಗು ಮೈಯೆಲ್ಲ ಸಣ್ಣಗೆ, ನಯವಾಗಿ ಕುಣಿಸುತ್ತಿರುತ್ತದೆ. ಫಿಡ್ಜೆಟಿ ಚಲನೆ ಅಂತಾರೆ. ಫೋನಿನಲ್ಲಿ ಮೂರು ನಿಮಿಷ ವಿಡಿಯೋ ಮಾಡಿಕೊಂಡರೆ, ತರಬೇತಾದವರು ಅದನ್ನು ನೋಡಿಯೇ ಅಪಾಯ ಇದೆಯೋ ಇಲ್ಲವೋ ಹೇಳಬಲ್ಲರು. ನಿಮ್ಮ ಫೋನಿನಲ್ಲಿ ಆಗಿನ ವಿಡಿಯೋ ಇದ್ದರೆ ಅಳಿಸಬೇಡಿ, ತೋರಿಸಿ.

ಒಂದು ಸಮಾಧಾನದ ವಿಷಯ. ಸೆರೆಬ್ರಲ್ ಪಾಲ್ಸಿ ಎಂದೇ ತೀರ್ಮಾನವಾದರೂ, ಎರಡು ವರ್ಷದೊಳಗೆ ತಾವೇ ಕೂತ ಮಕ್ಕಳು ಬಹುಪಾಲು ಮುಂದೆ ನಡೆಯುತ್ತಾರೆ. ಎಷ್ಟು ನಡೆಯುತ್ತಾರೆ ಅನ್ನುವುದಕ್ಕೆ 1 ರಿಂದ 5ರ ತನಕ ಮಟ್ಟಗಳಿವೆ, ಕೆನಡಾದಲ್ಲಿ 1997ರಲ್ಲಿ ಮಾಡಿದ್ದು. 1 ಅಂದರೆ ಹೆಚ್ಚುಕಡಿಮೆ ಎಲ್ಲರಂತೆ, 5 ಅಂದರೆ ಎಲ್ಲದಕ್ಕೂ ಎತ್ತಿಕೊಳ್ಳಬೇಕು. ನನಗೆ ಡಿಕ್ಯೂಗಿಂತ ಈ ಮಟ್ಟ ಇಷ್ಟ. ಡಿಕ್ಯೂ 71 ಎಂದು ಹೇಳಿದರೆ ಒಬ್ಬ ತಾಯಿಗೆ ಏನು ಗೊತ್ತಾಗುತ್ತದೆ? ‘ಮಟ್ಟ 2, ನಡೆಯುತ್ತಾನೆ, ಮೆಟ್ಟಿಲಿಗೆ ಕಂಬಿ ಬೇಕು, ದೂರ ಹೋದರೆ ಆಯಾಸ’ ಅಂದರೆ ನಾಳೆ ಶಾಲೆಯಲ್ಲಿ ಯಾವ ಕೋಣೆ ಕೇಳಬೇಕು ಎಂಬುದೂ ಗೊತ್ತಾಗುತ್ತದೆ.

ಈಗ ಪರೀಕ್ಷೆ ನಡೆಯುವ ಕೋಣೆಗೆ ಬನ್ನಿ. ಹೋದ ಬೇಸಿಗೆಯಲ್ಲಿ ಲಿಂಗಸುಗೂರು ಕಡೆಯಿಂದ ಒಂದು ಹೆಣ್ಣು ಮಗು ಬಂದಿತ್ತು. ಬೆಳಗ್ಗೆ ಐದಕ್ಕೆ ಎದ್ದು ಬಸ್ಸು ಹಿಡಿದು ಬಂದವರು. ರಾಯಚೂರಿನ ಮೇ ತಿಂಗಳು, ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಮೇಜಿನ ಮೇಲೆ ಸಣ್ಣ ಗುಳಿಗೆ ಇಟ್ಟೆ. ಹೆಬ್ಬೆರಳು ತೋರುಬೆರಳಿನಿಂದ ಎತ್ತುತ್ತಾಳಾ ಅಂತ ನೋಡಬೇಕು. ಅವಳು ಮುಖ ತಿರುಗಿಸಿ ಅಮ್ಮನ ಸೆರಗು ಹಿಡಿದಳು. ಎರಡನೇ ಸಲವೂ ಅದೇ. ನಿಯಮದ ಪ್ರಕಾರ ಸೊನ್ನೆ ಹಾಕಿ ಮುಂದೆ ಹೋಗಬೇಕು. ಅಷ್ಟರಲ್ಲಿ ತಾಯಿ ಚೀಲದಿಂದ ಮಂಡಾಳಿನ ಪೊಟ್ಟಣ ಬಿಚ್ಚಿದಳು. ಮಡಿಲಲ್ಲಿ ಚೆಲ್ಲಿದ ಮಂಡಾಳನ್ನು ಮಗು ಒಂದೊಂದೇ ಎತ್ತಿ ಬಾಯಿಗೆ ಹಾಕಿಕೊಳ್ಳತೊಡಗಿತು, ಕೋಳಿ ಕಾಳು ಹೆಕ್ಕಿದ ಹಾಗೆ, ಎರಡೇ ಬೆರಳಲ್ಲಿ. ನಾನು ಪೆನ್ನು ಇಟ್ಟು ಸುಮ್ನೆ ನೋಡಿದೆ. ಆಮೇಲೆ ಕಂಡಿದ್ದನ್ನು ಬರೆದುಕೊಂಡೆ. ಗುಳಿಗೆಯಲ್ಲಿ ಸೋತವಳು ಮಂಡಾಳಿನಲ್ಲಿ ಗೆದ್ದಳು.

ಇದನ್ನು ಎಲ್ಲ ಪರೀಕ್ಷೆಗೂ ಅನ್ವಯಿಸಿ. ಮೆಟ್ಟಿಲೇ ಇಲ್ಲದ ಮನೆಯ ಮಗು ಮೆಟ್ಟಿಲು ಹತ್ತುವುದರಲ್ಲಿ ಸೋಲುತ್ತದೆ. ಚಿತ್ರದ ಪುಸ್ತಕವನ್ನೇ ಕಾಣದ ಮಗು ನಾಯಿ ಎಲ್ಲಿ ಅಂದರೆ ಬೆರಳು ತೋರಿಸುವುದಿಲ್ಲ, ಬಾಗಿಲಲ್ಲಿ ನಿಜವಾದ ನಾಯಿ ಬಂದರೆ ತೋರಿಸುತ್ತದೆ. ಕೈ ಬಿಗಿಯಿರುವ ಮಗುವಿಗೆ ಘನಗಳನ್ನು ಒಂದರ ಮೇಲೊಂದು ಇಡು ಅಂದರೆ ಬೀಳಿಸುತ್ತದೆ. ಅದನ್ನು ತಿಳಿವಳಿಕೆಯ ಖಾತೆಯಲ್ಲಿ ಕಳೆಯುತ್ತಾರೆ, ಕಳೆಯಬೇಕಾದದ್ದು ಕೈಯ ಖಾತೆಯಲ್ಲಿ. ಇನ್ನು ಮಾತು. ನಿಮ್ಮ ಸಿಂಧನೂರು ತಾಲ್ಲೂಕಿನಲ್ಲಿ ಎಷ್ಟು ಭಾಷೆ ಇವೆ ನೀವೇ ಎಣಿಸಿ. ಕನ್ನಡ, ಕ್ಯಾಂಪುಗಳಲ್ಲಿ ತೆಲುಗು, ಉರ್ದು, ತಾಂಡಾಗಳಲ್ಲಿ ಲಂಬಾಣಿ, ಆರ್.ಎಚ್. ಕ್ಯಾಂಪಿನಲ್ಲಿ ಬಂಗಾಳಿ. ಅಜ್ಜಿಯ ಹತ್ತಿರ ‘ನೀಳ್ಳು’ ಅನ್ನುವ ಮಗು ಅಮ್ಮನ ಹತ್ತಿರ ‘ನೀರು’ ಅಂದರೆ ಅದು ಎರಡು ಪದ. ಎಲ್ಲ ಭಾಷೆಯ ಪದಗಳನ್ನೂ ಕೂಡಿಸಿ ಎಣಿಸಬೇಕು. ನಿಮ್ಮ ಮಗನ ಐದಾರು ಮಾತು ಯಾವ ಯಾವ ಭಾಷೆಯವು, ಯಾರ ಜೊತೆ ಆಡುತ್ತಾನೆ ಎಂದು ಒಂದು ವಾರ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಐದಾರು ಅಂದುಕೊಂಡಿದ್ದು ಹತ್ತು ದಾಟಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕಿವಿ ಮತ್ತು ಕಣ್ಣಿನ ಪರೀಕ್ಷೆ ಆಗಿದೆಯಾ? ಪತ್ರದಲ್ಲಿ ಬರೆದಿಲ್ಲ. ಕಿವಿ ಸರಿಯಿಲ್ಲದ ಮಗುವಿನ ಮಾತು ಅಳೆಯುವುದು ಸುಮ್ನೆ ಕಾಲಹರಣ. ಎನ್‌ಐಸಿಯುನಲ್ಲಿ ಇದ್ದ ಮಕ್ಕಳಿಗೆ ಒಎಇ ಒಂದೇ ಸಾಲದು, ಬೆರಾ ಕೂಡ ಬೇಕು. ಒಎಇ ಕಿವಿಯ ಒಳಗಿನ ಭಾಗವನ್ನು ಮಾತ್ರ ನೋಡುತ್ತದೆ, ಬೆರಾ ಅಲ್ಲಿಂದ ಮಿದುಳಿಗೆ ಹೋಗುವ ನರವನ್ನೂ ನೋಡುತ್ತದೆ. ಕಣ್ಣಿನ ಹಿಂಭಾಗದ ಪರದೆಯ ತೊಂದರೆ ಹುಡುಕುವ ಆರ್‌ಒಪಿ ತಪಾಸಣೆ ಹುಟ್ಟಿದ ನಾಲ್ಕು ವಾರದೊಳಗೆ ಶುರುವಾಗಿರಬೇಕು. ನಮ್ಮ ದೇಶದಲ್ಲಿ 34 ವಾರಕ್ಕಿಂತ ಮುಂಚೆ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಎಲ್ಲ ಮಕ್ಕಳಿಗೂ ಅದು ಬೇಕು. ಆಗ ಸರಿ ಇತ್ತು ಅಂದರೂ ಈಗ ಮತ್ತೆ ತೋರಿಸಿ. ಇಂಥ ಮಕ್ಕಳಲ್ಲಿ ಮೆಳ್ಳೆಗಣ್ಣು, ದೂರದ್ದು ಮಸುಕಾಗಿ ಕಾಣುವ ತೊಂದರೆ ಜಾಸ್ತಿ.

ಅಂಕಿ ಮುಂದೆ ಏನಾಗುತ್ತದೆ ಎಂದು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಒಂದು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳನ್ನು ತಿದ್ದಿದ 20 ತಿಂಗಳಿಗೆ ಪರೀಕ್ಷಿಸಿದಾಗ ಶೇ 39 ಮಕ್ಕಳು 70ಕ್ಕಿಂತ ಕೆಳಗಿದ್ದರು. ಎಂಟು ವರ್ಷಕ್ಕೆ ಮತ್ತೆ ಬುದ್ಧಿ ಪರೀಕ್ಷೆ ಮಾಡಿದರೆ ಶೇ 16. ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಇದನ್ನು ಓದಿ ಎಲ್ಲ ತಾನೇ ಸರಿಹೋಗುತ್ತದೆ ಎಂದು ಕೂರಬೇಡಿ. ಎಪಿಕ್ಯೂರ್‌ನಲ್ಲಿ ಎರಡೂವರೆ ವರ್ಷಕ್ಕೆ ತೀವ್ರ ಅನ್ನಿಸಿಕೊಂಡ ಮಕ್ಕಳಲ್ಲಿ ಶೇ 86 ಮಂದಿಗೆ ಆರು ವರ್ಷಕ್ಕೂ ಮಧ್ಯಮ ಅಥವಾ ತೀವ್ರ ತೊಂದರೆ ಇತ್ತು. ತೀವ್ರವಾದದ್ದು ಉಳಿಯುತ್ತದೆ, ಗಡಿಯ ಆಸುಪಾಸಿನದು ಅಲುಗಾಡುತ್ತದೆ. ಅಲುಗಾಡುವುದು ಎರಡೂ ಕಡೆಗೆ. ಎರಡು ವರ್ಷಕ್ಕೆ ‘ನಾರ್ಮಲ್’ ಅಂತ ಬರೆಸಿಕೊಂಡು ಹೋದ ಮಗು ಎರಡನೇ ತರಗತಿಯಲ್ಲಿ ಲೆಕ್ಕ ಬರಲ್ಲ, ಒಂದು ಕಡೆ ಕೂರಲ್ಲ, ಬರವಣಿಗೆ ಕಾಗೆ ಕಾಲು ಅಂತ ವಾಪಸ್ ಬರುತ್ತದೆ. ಅದಕ್ಕೇ ಶಾಲೆ ಸೇರುವ ಮುಂಚೆ ಇನ್ನೊಮ್ಮೆ ನೋಡಬೇಕು.

ಸಂಶೋಧಕರ ‘ತೀವ್ರ’ ಅನ್ನುವ ಪದದ ಜೊತೆ ನನಗೆ ಒಂದು ತಕರಾರಿದೆ. ಅವರು ನಡಿಗೆ, ಬುದ್ಧಿ, ಕಣ್ಣು, ಕಿವಿ ನಾಲ್ಕನ್ನೂ ಒಂದೇ ಬುಟ್ಟಿಗೆ ಹಾಕಿ, ಯಾವುದಾದರೂ ಒಂದು ಕೆಟ್ಟಿದ್ದರೆ ಮಗುವನ್ನು ಆ ಬುಟ್ಟಿಗೆ ಸೇರಿಸುತ್ತಾರೆ. ಕಿವಿ ಕೇಳದೆ ಇಂಪ್ಲಾಂಟ್ ಹಾಕಿಸಿಕೊಂಡು ಶಾಲೆಗೆ ಹೋಗುವ ಮಗುವೂ ಅಲ್ಲೇ, ಕುತ್ತಿಗೆ ನಿಲ್ಲದ ಮಗುವೂ ಅಲ್ಲೇ. ಸಾವಿರಾರು ಮಕ್ಕಳ ಲೆಕ್ಕ ಇಡಲು, ಎನ್‌ಐಸಿಯು ಚಿಕಿತ್ಸೆ ಸುಧಾರಿಸಿತಾ ಎಂದು ನೋಡಲು ಬುಟ್ಟಿ ಬೇಕು, ಒಪ್ಪುತ್ತೇನೆ. ಒಂದು ಮಗುವಿನ ಮನೆಯಲ್ಲಿ ಆ ಬುಟ್ಟಿಗೆ ಕೆಲಸ ಇಲ್ಲ. ಕೆನಡಾದಲ್ಲಿ ತಂದೆತಾಯಿಯರನ್ನೇ ಕೇಳಿದಾಗ, ಡಾಕ್ಟರರು ತೀವ್ರ ಅಂದ ಎಷ್ಟೋ ಮಕ್ಕಳನ್ನು ಅವರು ಹಾಗೆ ನೋಡಲೇ ಇಲ್ಲ. ಅವರ ಚಿಂತೆ ಬೇರೆಯೇ ಇತ್ತು: ಊಟ, ನಿದ್ದೆ, ಉಸಿರು, ಹಟ.

ಹೆಸರು ತಪ್ಪಾಗಿ ಅಂಟಿದರೆ ಜನ ಎಲ್ಲಿಗೆ ಹೋಗುತ್ತಾರೆ ಅನ್ನುವುದನ್ನು ನಾವು ಈ ಭಾಗದವರು ಕಂಡಿದ್ದೇವೆ. 2019ರ ಡಿಸೆಂಬರ್ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರ ಅಂಗವೈಕಲ್ಯ ಇದ್ದ ಮಕ್ಕಳನ್ನು ಕುತ್ತಿಗೆ ತನಕ ಮಣ್ಣಲ್ಲಿ ಹೂತಿದ್ದರು, ಕಾಲು ಬರುತ್ತದೆ ಎಂದು. ಆ ತಂದೆತಾಯಿಯರು ಕ್ರೂರಿಗಳಲ್ಲ. ಯಾರೂ ಅವರಿಗೆ ಮುಂದಿನ ಹೆಜ್ಜೆ ಹೇಳಿರಲಿಲ್ಲ.

ನಿಮ್ಮ ಮುಂದಿನ ಹೆಜ್ಜೆ ಇಷ್ಟು. ಎನ್‌ಐಸಿಯು ಡಿಸ್ಚಾರ್ಜ್ ಸಮ್ಮರಿ ಹುಡುಕಿ, ಅದರಲ್ಲಿ ತಲೆಯ ಸ್ಕ್ಯಾನ್, ನ್ಯೂರೋಸೋನೋಗ್ರಾಮ್ ಅಂತ ಏನಾದರೂ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಆ ಆಸ್ಪತ್ರೆಯಿಂದ ಕೇಳಿ ಪಡೆಯಿರಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಂಥ ಮಕ್ಕಳಿಗೆಂದೇ ಜಿಲ್ಲಾ ಮಟ್ಟದಲ್ಲಿ ಡಿಇಐಸಿ, ಅಂದರೆ ಬೇಗನೆ ಪತ್ತೆಹಚ್ಚಿ ಚಿಕಿತ್ಸೆ ಶುರುಮಾಡುವ ಕೇಂದ್ರ ಇರುತ್ತದೆ, ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುವ ತಂಡದವರೇ ಅಲ್ಲಿಗೆ ಚೀಟಿ ಬರೆದುಕೊಡುತ್ತಾರೆ. ಅಲ್ಲಿ ಹೋದಾಗ ಡಿಕ್ಯೂ ಕೇಳಬೇಡಿ. ‘ಕಾಲು ಬಿಗಿ ಇದೆಯಾ, ಹ್ಯಾಮರ್‌ಸ್ಮಿತ್ ಮಾಡ್ತೀರಾ, ಫಿಸಿಯೋಥೆರಪಿಯವರು ನೋಡ್ತಾರಾ’ ಎಂದು ಕೇಳಿ. ಬಿಗಿತ ಇದ್ದರೆ ಹಿಮ್ಮಡಿ ಎಳೆಯುವ ವ್ಯಾಯಾಮ, ಬೇಕಾದರೆ ಕಾಲಿಗೆ ಸ್ಪ್ಲಿಂಟ್ ಕೊಡುತ್ತಾರೆ. ತಡ ಮಾಡಿದಷ್ಟೂ ಸ್ನಾಯು ಗಿಡ್ಡವಾಗುತ್ತದೆ, ಅದಕ್ಕೇ ಈ ಅವಸರ. ಡಿಎಎಸ್‌ಐಐ ಅನ್ನು ಆರು ತಿಂಗಳ ನಂತರ ಮತ್ತೆ ಮಾಡಿಸಿ, ಅದೇ ಪರೀಕ್ಷೆ, ತಿದ್ದಿದ ವಯಸ್ಸಿನ ಲೆಕ್ಕ, ಚಲನೆ ಬೇರೆ ತಿಳಿವಳಿಕೆ ಬೇರೆ ಬರೆದುಕೊಡಲು ಹೇಳಿ.

ಮನೆಯಲ್ಲಿ ಕೂರಿಸಿ ಓಡಿಸುವ ಗಾಲಿ ವಾಕರ್ ಇದ್ದರೆ ಇವತ್ತೇ ಅಟ್ಟಕ್ಕೆ ಹಾಕಿ. ಕೆನಡಾದಲ್ಲಿ 2004ರಿಂದ ಅದರ ಮಾರಾಟವೇ ನಿಷೇಧ. ತುದಿಗಾಲಿನ ಮಗುವಿಗಂತೂ ಅದು ತುದಿಗಾಲನ್ನೇ ಕಲಿಸುತ್ತದೆ. ಮಿದುಳಿಗೆ ಟಾನಿಕ್ ಬರೆದುಕೊಟ್ಟಿದ್ದರೆ ಆ ದುಡ್ಡಲ್ಲಿ ಮೊಟ್ಟೆ ತನ್ನಿ. ಕಬ್ಬಿಣಾಂಶ ಮಾತ್ರ ನೋಡಿಸಿ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಅದರ ದಾಸ್ತಾನು ಮೊದಲಿನಿಂದಲೇ ಕಡಿಮೆ.

ಪರೀಕ್ಷೆಗೆ ಹೋಗುವ ದಿನ ಬೆಳಗಿನ ಬಸ್ಸಿಗೆ ಎಬ್ಬಿಸಿ ಎಳೆದುಕೊಂಡು ಹೋಗಬೇಡಿ. ಸಾಧ್ಯವಾದರೆ ಹಿಂದಿನ ರಾತ್ರಿಯೇ ಬಂದು ನೆಂಟರ ಮನೆಯಲ್ಲಿ ಉಳಿಯಿರಿ, ಮಗು ನಿದ್ದೆ ಮುಗಿಸಿ ಉಂಡು ಬರಲಿ. ಅಜ್ಜಿಯನ್ನೂ ಕರೆತನ್ನಿ, ಅವನು ಅವರ ಹತ್ತಿರವೇ ಜಾಸ್ತಿ ಮಾತಾಡುತ್ತಾನೆ ಅನ್ನಿಸುತ್ತದೆ. ಚೀಲದಲ್ಲಿ ಅವನದೇ ಒಂದೆರಡು ಆಟದ ಸಾಮಾನು, ಮಂಡಾಳಿನ ಪೊಟ್ಟಣ ಇರಲಿ.